ಹಾಸಿಗೆಗೊಬ್ಬಳು ನರ್ಸ್

“ಕತ್ತೆ ಕಾಯ್ತಿದೀಯೇನೇ ಇಲ್ಲಿ? ಕೂಗಿದ್ರೆ ತಿರುಗಿ ನೋಡೋ ಮರ್ಯಾದೆನೂ ಇಲ್ವಾ ನಿಂಗೆ?”

ನರ್ಸ್ ತಿರುಗಲಿಲ್ಲ. ಅವಳ ಕೈಯಲ್ಲಿದ್ದ ಕಫ ಎಳೆಯುವ ಸಣ್ಣ ಕೊಳವೆಯ ತುದಿ ಮೂರನೇ ಹಾಸಿಗೆಯ ಮಗುವಿನ ಉಸಿರಿನ ಟ್ಯೂಬಿನೊಳಗಿತ್ತು. ಎರಡು ವರ್ಷದ ಹೆಣ್ಣುಮಗು, ಗಾರೆ ಕೆಲಸದವನ ಮಗಳು. ಕಫವೆಂದರೆ ಗೋಂದು. ಇಪ್ಪತ್ತು ನಿಮಿಷಕ್ಕೊಮ್ಮೆ ತೆಗೆಯದಿದ್ದರೆ ಟ್ಯೂಬ್ ಕಟ್ಟಿಕೊಂಡು, ಮೆಷಿನ್ ಎಷ್ಟು ಊದಿದರೂ ಗಾಳಿ ಒಳಗೆ ಹೋಗುತ್ತಿರಲಿಲ್ಲ. ಪರದೆಯ ಮೇಲೆ ಆಕ್ಸಿಜನ್ನಿನ ಅಂಕಿ ತೊಂಬತ್ತೈದಕ್ಕೆ ಏರಿದ ಮೇಲೆಯೇ ಅವಳು ತಿರುಗಿದ್ದು.

ಬಾಗಿಲಲ್ಲಿ ನಿಂತಿದ್ದವರು ಆಸ್ಪತ್ರೆಯ ಮ್ಯಾನೇಜರು. ಬೆನ್ನ ಹಿಂದೆ ಎಲ್ಲರಿಗೂ ಅವರು ಇಸ್ತ್ರಿ ಸಾಹೇಬರು. ಅಂಗಿಯಲ್ಲಾಗಲಿ ಕಡತದಲ್ಲಾಗಲಿ ಒಂದು ಸುಕ್ಕನ್ನೂ ಸಹಿಸುವವರಲ್ಲ. ಮಕ್ಕಳ ತೀವ್ರ ನಿಗಾ ಘಟಕದ ಸಿಬ್ಬಂದಿ ಪೋಷಕರ ಎದುರು ಅಳಕೂಡದು, ತೀರಾ ಅನಿವಾರ್ಯವಾದರೆ ಬಟ್ಟೆ ಕೋಣೆಗೆ ಹೋಗಿ ಐದು ನಿಮಿಷದೊಳಗೆ ಮುಗಿಸಿ ಬರತಕ್ಕದ್ದು ಎಂಬ ಸುತ್ತೋಲೆ ಹೊರಡಿಸಿದವರು ಅವರೇ. ನರ್ಸ್ ಅದನ್ನು ಚಾಚೂ ತಪ್ಪದೆ ಪಾಲಿಸಿದ್ದಳು. ಹೋದ ತಿಂಗಳು ಅವಳು ಎರಡನೇ ಹಾಸಿಗೆಯ ಮಗುವಿನ ಕೆಲಸದಲ್ಲಿ ಸಿಕ್ಕಿಕೊಂಡಿದ್ದಾಗ ಒಂದನೆಯದರಲ್ಲಿ ಟ್ಯೂಬ್ ಕಟ್ಟಿಕೊಂಡು ಒಂದು ಗಂಡುಮಗು ಹೋಗಿಬಿಟ್ಟಿತ್ತು. ‘ನರ್ಸಿನ ನಿರ್ಲಕ್ಷ್ಯ’ ಎಂದು ಟೈಪ್ ಮಾಡಿದ ಕಾಗದಕ್ಕೆ ಸಾಹೇಬರು ಅವಳಿಂದಲೇ ಸಹಿ ಹಾಕಿಸಿಕೊಂಡಿದ್ದರು. ಅವಳು ಮೂರೂವರೆ ನಿಮಿಷ ಅತ್ತು, ಮುಖ ತೊಳೆದುಕೊಂಡು ಬಂದಿದ್ದಳು. ಮಿಕ್ಕ ಒಂದೂವರೆ ನಿಮಿಷ ಆಸ್ಪತ್ರೆಗೇ ಲಾಭ.

ಸಾಹೇಬರ ಹಿಂದೆ ಹೊಸ ಬಿಳಿ ಸಮವಸ್ತ್ರದಲ್ಲಿ ಮೂವರು ಹೆಂಗಸರು ಮುದುರಿಕೊಂಡು ನಿಂತಿದ್ದರು. ಒಬ್ಬಳು ಔಷಧಿ ಅಂಗಡಿಯವಳು, ಒಬ್ಬಳು ಬಿಲ್ ಕೌಂಟರಿನ ಹುಡುಗಿ. ಮೂರನೆಯವಳು ಹದಿನಾರು ವರ್ಷದಿಂದ ಇದೇ ವಾರ್ಡಿನ ನೆಲ ಒರೆಸುತ್ತಿದ್ದ ಆಯಮ್ಮ.

“ಇನ್ನರ್ಧ ಗಂಟೇಲಿ ತಪಾಸಣೆಯವರು ಬರ್ತಾರೆ. ಹಾಸಿಗೆಗೊಬ್ಬಳು ನರ್ಸ್ ಇರ್ಬೇಕು ಅಂತ ರೂಲ್ಸು. ನಾಲ್ಕು ಹಾಸಿಗೆ, ನಾಲ್ಕು ಜನ. ಔಷಧಿ ಅಂಗಡಿಯವಳು ಎರಡಕ್ಕೆ, ಆಯಮ್ಮ ಮೂರಕ್ಕೆ, ಈ ಹುಡುಗಿ ನಾಲ್ಕಕ್ಕೆ. ನೀನು ಒಂದನೇದರ ಹತ್ರ ನಿಲ್ಲು, ಬಾಗಿಲಿಗೆ ಚೆನ್ನಾಗಿ ಕಾಣತ್ತೆ. ಅಲ್ಲಿಂದ ಅಲ್ಲಾಡಬಾರ್ದು. ಅವರು ಏನೇ ಕೇಳಲಿ, ಎಲ್ಲರದೂ ಒಂದೇ ಉತ್ತರ: ‘ಎಲ್ಲಾ ಸರಿಯಾಗಿದೆ ಸರ್.’”

“ಸರ್, ಮೂರನೇದಕ್ಕೆ ಆಗಾಗ ಕಫ ತೆಗೀಬೇಕು. ನಾಲ್ಕನೇದು ಒಂದು ತಿಂಗಳ ಕೂಸು, ಮಧ್ಯೆ ಮಧ್ಯೆ ಉಸಿರಾಡೋದನ್ನೇ ಮರೆಯತ್ತೆ. ಅಂಗಾಲು ತಟ್ಟಿ ಎಬ್ಬಿಸಬೇಕು. ಡಾಕ್ಟರಾದ್ರೂ ಇರಲಿ...”

“ಡಾಕ್ಟರು ಮೀಟಿಂಗ್ ಹಾಲಲ್ಲಿ ತಪಾಸಣೆ ತಂಡಕ್ಕೆ ಸ್ಲೈಡ್ ತೋರಿಸ್ತಿದಾರೆ. ಹತ್ತು ನಿಮಿಷದಲ್ಲಿ ಏನೂ ಮುಳುಗಿ ಹೋಗಲ್ಲ. ಈ ಟೊಂಯ್ ಟೊಂಯ್ ಶಬ್ದನೂ ಬಂದ್ ಮಾಡು. ಬಂದೋರಿಗೆ ಕಿರಿಕಿರಿ.” ಅವಳು ಕದಲದಿದ್ದಾಗ ತಾವೇ ಹೋಗಿ, ನಾಲ್ಕೂ ಮಾನಿಟರುಗಳ ಅಲಾರಾಂ ಒತ್ತಿ ಬಾಯಿ ಮುಚ್ಚಿಸಿದರು.

ಅವರು ಹೊರಟ ಮೇಲೆ ಆಯಮ್ಮ ಅಂಗೈ ಉಜ್ಜಿ ಬಿಸಿ ಮಾಡಿಕೊಂಡಳು. ತಣ್ಣನೆ ಕೈಯಲ್ಲಿ ಮಗುವನ್ನು ಮುಟ್ಟುವುದು ಅವಳಿಗೆ ಆಗದು. “ಬೋಳಿಮಗ, ಅವನ ಬಾಯಿಗಷ್ಟು ಮಣ್ಣು ಹಾಕ. ನಂಗೇನ್ ಗೊತ್ತಾಗತ್ತೆ ಸಿಸ್ಟರಮ್ಮ?”

“ಅಂಕಿ ನೋಡ್ತಿರು ಆಯಮ್ಮ. ತೊಂಬತ್ತರ ಕೆಳಗೆ ಬಂದ್ರೆ ಕೂಗು. ಯಾರಿದ್ರೂ ಕೂಗು.”

“ಕೆಲಸ ಹೋಗತ್ತಲ್ಲ ನಂದು.”

“ನಂದೂ ಹೋಗತ್ತೆ. ಕೂಗು.”

ಬಿಲ್ ಕೌಂಟರಿನ ಹುಡುಗಿ ನಾಲ್ಕನೇ ಹಾಸಿಗೆಯ ಕೂಸನ್ನು ನೋಡಿ, ಸದ್ದಾಗದಿರಲೆಂದು ಬಳೆ ತೆಗೆದು ಜೇಬಿಗಿಳಿಸಿದಳು. ಯಾರೂ ಹೇಳಿಕೊಟ್ಟಿರಲಿಲ್ಲ.

ತಪಾಸಣಾಧಿಕಾರಿ ಬಂದರು. ಅವರು ಡಾಕ್ಟರಲ್ಲ, ಆಸ್ಪತ್ರೆಗಳಿಗೆ ಅಂಕ ಕೊಡುವವರು. ಗೋಡೆ ನೋಡಿದರು, ಬೆಂಕಿ ಆರಿಸುವ ಸಿಲಿಂಡರ್ ನೋಡಿದರು, ನಲ್ಲಿ ತಿರುಗಿಸಿ ನೋಡಿದರು. ಮಕ್ಕಳನ್ನು ನೋಡಬೇಕೆಂದು ಅವರ ಫಾರಂನಲ್ಲಿ ಎಲ್ಲೂ ಇರಲಿಲ್ಲ.

ಮೂರನೇ ಹಾಸಿಗೆಯ ಬಳಿ ಅವರ ಬೂಟಿನಿಂದ ನೆಲದ ಮೇಲೆ ಒಂದು ಕೆಸರಿನ ಗುರುತು ಬಿತ್ತು. ಆಯಮ್ಮನ ಕಣ್ಣು ಅಂಕಿಯಿಂದ ನೆಲಕ್ಕೆ ಜಾರಿತು. ಹದಿನಾರು ವರ್ಷದ ಅಭ್ಯಾಸ. ಸರಕ್ಕನೆ ಕುಕ್ಕುರುಗಾಲಲ್ಲಿ ಕೂತು, ಹೊಸ ಸಮವಸ್ತ್ರದ ಅಂಚಿನಿಂದಲೇ ತಿಕ್ಕತೊಡಗಿದಳು.

“ನಮ್ಮ ನರ್ಸುಗಳಿಗೆ ಸ್ವಚ್ಛತೆ ಅಂದ್ರೆ ಪ್ರಾಣ ಸರ್,” ಎಂದರು ಇಸ್ತ್ರಿ ಸಾಹೇಬರು. ಅಧಿಕಾರಿ ಮೆಚ್ಚಿ ಏನೋ ಬರೆದುಕೊಂಡರು.

ಅಂಕಿ ಸದ್ದಿಲ್ಲದೆ ಇಳಿಯುತ್ತಿತ್ತು. ತೊಂಬತ್ತು. ಎಂಬತ್ತಾರು. ಒಂದನೇ ಹಾಸಿಗೆಯಿಂದ ನರ್ಸ್ ಅದನ್ನು ಕಂಡು ಓಡಿದಳು. ಸಾಹೇಬರು ನಗುಮುಖದಲ್ಲೇ ಅಡ್ಡ ಬಂದು ಹಲ್ಲು ಕಚ್ಚಿ, “ನಿನ್ ಜಾಗಕ್ಕೆ ಹೋಗು” ಎಂದರು.

“ಸರೀರಿ ಆ ಕಡೆ!”

ಅವಳ ಮೊಣಕೈ ಅವರ ಎದೆಗೆ ತಗುಲಿತು. ಕೊಳವೆ ಇಳಿಸಿ ಎಳೆದಳು. ಹಸಿರು ಗಂಟೊಂದು ಕಿತ್ತು ಬಂತು. ಮೆಷಿನಿನಿಂದ ಟ್ಯೂಬ್ ಬಿಡಿಸಿ, ಕೈಯಿಂದ ಗಾಳಿ ಒತ್ತುವ ರಬ್ಬರ್ ಬ್ಯಾಗ್ ಸಿಕ್ಕಿಸಿ ಒತ್ತತೊಡಗಿದಳು. ಆಯಮ್ಮ ಎದ್ದು ಟ್ಯೂಬ್ ಜಾರದಂತೆ ಬಾಯಿಯ ಹತ್ತಿರ ಹಿಡಿದುಕೊಂಡಳು.

“ಈ ಹಾಸಿಗೆಯ ನರ್ಸ್ ನೆಲ ಒರೆಸ್ತಾ ಕೂತಿದ್ರಲ್ಲ, ಏನಿದು?” ಎಂದರು ಅಧಿಕಾರಿ.

“ಬೇಜವಾಬ್ದಾರಿ ಹೆಂಗಸು ಸರ್,” ಇಸ್ತ್ರಿ ಸಾಹೇಬರು ಆಯಮ್ಮನತ್ತ ಬೆರಳು ತೋರಿಸಿದರು. “ಇವತ್ತೇ ಕಿತ್ತು ಹಾಕ್ತೀವಿ. ನಿರ್ಲಕ್ಷ್ಯ ಅಂತ ಬರ್ಕೊಳ್ಳಿ.”

ನರ್ಸಿನ ಕೈ ಬ್ಯಾಗನ್ನು ಒತ್ತುತ್ತಲೇ ಇತ್ತು. ಹೋದ ತಿಂಗಳಿನದೇ ಪದ, ಅದೇ ಬಾಯಿ. ಅಷ್ಟರಲ್ಲಿ ಅವಳ ಕಣ್ಣು ನಾಲ್ಕನೇ ಹಾಸಿಗೆಯತ್ತ ಹೊರಳಿತು. ಕೂಸಿನ ತುಟಿ ನೀಲಿಗಟ್ಟುತ್ತಿತ್ತು. ಬಿಲ್ ಕೌಂಟರಿನ ಹುಡುಗಿ ಅದನ್ನೇ ನೋಡುತ್ತ, ಕಣ್ಣಲ್ಲಿ ನೀರು ತುಂಬಿಕೊಂಡು, “ಎಲ್ಲಾ... ಎಲ್ಲಾ ಸರಿಯಾಗಿದೆ ಸರ್” ಎಂದು ತೊದಲುತ್ತಿದ್ದಳು.

“ನೀನು ಓಡು, ಡಾಕ್ಟರನ್ನ ಎಳ್ಕೊಂಡು ಬಾ!” ನರ್ಸ್ ಆ ಹುಡುಗಿಗೆ ಕೂಗಿದಳು. ಆಮೇಲೆ ಇಸ್ತ್ರಿ ಸಾಹೇಬರ ಕೈ ಹಿಡಿದೆಳೆದು ಬ್ಯಾಗಿನ ಮೇಲಿಟ್ಟಳು.

“ಒತ್ರೀ. ಎದೆ ಏಳೋಷ್ಟು ಒತ್ತಿ, ಬಿಡಿ. ಮತ್ತೆ ಒತ್ತಿ. ಆಯಮ್ಮ, ಎದೆ ಏಳ್ತಿದೆಯಾ ನೋಡ್ತಿರು.”

“ಏಯ್, ನಾನು ಮ್ಯಾನೇಜ...”

“ನಿಲ್ಲಿಸಿದ್ರೆ ಸಾಯತ್ತೆ.”

ಅವಳು ನಾಲ್ಕನೆಯದರತ್ತ ಓಡಿ ಕೂಸಿನ ಅಂಗಾಲು ತಟ್ಟಿದಳು. ಒಂದು ಸಲ. ಎರಡು ಸಲ. ಬೆನ್ನು ಉಜ್ಜಿದಳು. ಕೂಸು ಮೈ ಮುರಿದು, ಮುಖ ಕಿವುಚಿ, ಸಿಟ್ಟಿನಿಂದ ಕಿರುಚಿತು. ತುಟಿ ಕೆಂಪಾಗುವವರೆಗೂ ಅವಳು ಆ ಪುಟ್ಟ ಪಾದ ಬಿಡಲಿಲ್ಲ.

ಅಧಿಕಾರಿ ಪೆನ್ನು ಹಿಡಿದೇ ನಿಂತಿದ್ದರು. “ಇದೆಲ್ಲಾ ಏನಮ್ಮ?”

“ಇಲ್ಲಿರೋ ನರ್ಸು ನಾನೊಬ್ಳೇ ಸರ್. ಇವರೆಲ್ಲ ಇವತ್ತು ಬೆಳಗ್ಗೆ ಬಟ್ಟೆ ಹಾಕ್ಕೊಂಡೋರು. ಹೋದ ತಿಂಗಳು ಒಂದು ಮಗು ಸತ್ತಾಗಲೂ ನಾನೊಬ್ಳೇ ಇದ್ದೆ. ಅದನ್ನ ಬರ್ಕೊಳ್ಳಿ.”

“ಹಾಗಾದ್ರೆ ಮೂರನೇ ಹಾಸಿಗೆಗೆ... ನರ್ಸ್ ಅಂತ ಹೆಸರು ಯಾರದು ಹಾಕಲಿ?”

“ಕಾಣ್ತಿದೆಯಲ್ಲ ಸರ್, ಒತ್ತುತಾ ಇದಾರೆ. ಅವರದೇ ಹಾಕಿ.”

ಇಸ್ತ್ರಿ ಸಾಹೇಬರು ಬ್ಯಾಗ್ ಒತ್ತುತ್ತಿದ್ದರು. ಬಗ್ಗಿದ ಬೆನ್ನು ಎತ್ತಲಾರದೆ, ಮಗುವಿನ ಎದೆಯಿಂದ ಕಣ್ಣು ತೆಗೆಯಲಾರದೆ, ಹದಿನಾರು ವರ್ಷದಲ್ಲಿ ಮೊದಲ ಸಲ ಆಯಮ್ಮನನ್ನು ಮೆಲ್ಲಗೆ ಕೇಳಿದರು:

“ಸಾಕಾ? ಬಿಡ್ಲಾ?”

ಆಯಮ್ಮ ಟ್ಯೂಬ್ ಹಿಡಿದಲ್ಲಿಂದಲೇ ಅವರನ್ನು ನೋಡಿದಳು.

“ಬಿಡಿ ನೋಡೋಣ,” ಎಂದಳು.

ಅವರು ಬಿಡಲಿಲ್ಲ.