ಕರೆಯದೆ ದಾಟಿದ ಸೇತುವೆ

ವೈದ್ಯಕೀಯ ಎರಡನೇ ವರ್ಷದವರಿಗೆ ತುರ್ತು ಚಿಕಿತ್ಸಾ ವಿಭಾಗದಲ್ಲಿ ಒಂದೇ ಕೆಲಸ: ಡಾಕ್ಟರ ಹಿಂದೆ ನೆರಳಿನಂತೆ ನಿಲ್ಲುವುದು. ಡಾಕ್ಟರ್ ಕೋ ಅದನ್ನು ವೆನ್‌ಶಿಗೆ ಮೊದಲ ದಿನವೇ ಹೇಳಿಬಿಟ್ಟಿದ್ದರು. "ನೋಡಮ್ಮ, ಕೈ ಬೆನ್ನ ಹಿಂದೆ, ಬಾಯಿಗೆ ಬೀಗ. ಏನಾದ್ರೂ ಕೇಳೋದಿದ್ರೆ ಊಟದ ಹೊತ್ತಿಗೆ ಕೇಳು." ಆ ವಿಭಾಗದಲ್ಲಿ ಊಟದ ಹೊತ್ತು ಎಂಬುದು ಯಾರಿಗೂ ಬರುತ್ತಿರಲಿಲ್ಲ, ಅದು ಬೇರೆ ಮಾತು.

ಆ ಮಧ್ಯಾಹ್ನ ಎಂಬತ್ತಾರರ ಸಿಯುಕಿಮ್ ಅಜ್ಜಿಯನ್ನು ಮನೆಗೆ ಕಳಿಸಬೇಕಿತ್ತು. ವಾಸಿಯಾಗಿ ಅಲ್ಲ. ಯುನ್‌ಲಿನ್ ಕಡೆಯ ಹಳ್ಳಿಗಳಲ್ಲಿ ಹಿರಿಯರು ಮನೆಯ ನಡುಕೋಣೆಯಲ್ಲೇ ಕಣ್ಣು ಮುಚ್ಚಬೇಕು. ಕೊನೆಯ ಉಸಿರೊಂದನ್ನಾದರೂ ಉಳಿಸಿಕೊಂಡು ಹೊಸ್ತಿಲು ದಾಟಬೇಕು. ನರ್ಸುಗಳು ಸಾಲದೆ ಡಾಕ್ಟರ್ ಕೋ ತಾವೇ ಆಂಬುಲೆನ್ಸ್ ಹತ್ತಿ, ಅಜ್ಜಿಯ ಬಾಯಿಗಿಟ್ಟ ಕೊಳವೆಗೆ ಗಾಳಿಚೀಲ ಒತ್ತುತ್ತಾ ಕೂತರು. ನೆರಳೂ ಜೊತೆಗೆ ಹೊರಟಿತು.

ಎದುರಿಗೆ ಕೂತಿದ್ದ ಮಗ ಜುನ್‌ಶಿಯಾಂಗ್ ತಾಯಿಗೆ ದಾರಿ ಹೇಳುತ್ತಿದ್ದ. ಹೇಳದಿದ್ದರೆ ಜೀವ ದಾರಿ ತಪ್ಪುತ್ತದಂತೆ. "ಅಮ್ಮಾ, ಬಲಕ್ಕೆ ತಿರುಗ್ತಾ ಇದೀವಿ. ಅಮ್ಮಾ, ಸೇತುವೆ ಬಂತು, ಜೊತೆಗೇ ಬಾ."

ಎರಡನೇ ಸೇತುವೆ ಬರುವ ಹೊತ್ತಿಗೆ ಅವನ ಫೋನ್ ಬಡಿದುಕೊಂಡಿತು. "ಮಂಚ ನಡುಕೋಣೆಗೆ ಎಳೀರೋ! ಇನ್ನೂ ಎಳೆದಿಲ್ವಾ? ಏನ್ ಮಾಡ್ತಾ ಇದೀರಿ ಅಷ್ಟು ಜನ?" ಅವನು ಕೂಗಾಡುತ್ತಿದ್ದಂತೆ ಗಾಡಿ ಸೇತುವೆ ಏರಿತು. ಯಾರೂ ಕರೆಯಲಿಲ್ಲ. ಅದು ವೆನ್‌ಶಿಯ ಗಮನಕ್ಕೆ ಬಂತು. ಬಾಯಿ ತೆರೆದವಳು ಬೀಗ ನೆನಪಾಗಿ ಮುಚ್ಚಿಕೊಂಡಳು, ಅಜ್ಜಿಯ ಮುಖ ನೋಡುತ್ತಾ ಕೂತಳು. ಸೇತುವೆಯ ನಟ್ಟನಡುವೆ ಗಾಡಿ ಹಗುರಾಯಿತು, ಹಿಂದಿನಿಂದ ಯಾರೋ ಇಳಿದುಹೋದ ಹಾಗೆ. ಎದೆಬಡಿತ ತೋರಿಸುವ ಪರದೆಯ ಮೇಲಿನ ಗೆರೆ ಚಪ್ಪಟೆಯಾಯಿತು. ಡಾಕ್ಟರ್ ಕೋ ಪರದೆ ಆರಿಸಿದರು, ಕಣ್ಣಲ್ಲೇ ವೆನ್‌ಶಿಯನ್ನು ಸುಮ್ಮನಿರಿಸಿ ಚೀಲ ಒತ್ತುತ್ತಲೇ ಇದ್ದರು.

ಮನೆಯಲ್ಲಿ ಮಂಚ ಸಿದ್ಧವಾಗಿತ್ತು. ಅಜ್ಜಿಯನ್ನು ಮಲಗಿಸಿದರು. ಡಾಕ್ಟರ್ ಕೋ ಒಂದು ಕೈಯಲ್ಲಿ ಚೀಲ ಒತ್ತುತ್ತಾ, ಇನ್ನೊಂದರ ಗಡಿಯಾರ ನೋಡಿ ಸಾವಿನ ಹೊತ್ತು ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ, ಕಣ್ಣಿಗೆ ಪೊರೆ ಬಂದಿದ್ದ ಅಜ್ಜ ಹೆಂಡತಿಯ ಅಂಗೈ ತಡವಿ ನೋಡಿ ಹೇಳಿದ:

"ಇವಳು ಬಂದಿಲ್ಲ. ಎಲ್ಲಿ ಬಿಟ್ ಬಂದ್ರಿ?"

"ಅಪ್ಪಾ, ಸುಮ್ನಿರು."

"ಅರವತ್ತು ವರ್ಷ ಹಿಡಿದ ಕೈ ಕಣೋ ಇದು. ಇದರೊಳಗೆ ಯಾರೂ ಇಲ್ಲ."

ವೆನ್‌ಶಿ ಒಂದು ಹೆಜ್ಜೆ ಮುಂದೆ ಬಂದಳು. ಈಗಲೂ ಸುಮ್ಮನಿದ್ದರೆ ಆ ಮುದುಕಿ ಎಂದೆಂದಿಗೂ ಹೊರಗೇ. "ಎರಡನೇ ಸೇತುವೆಯಲ್ಲಿ ಯಾರೂ ಕರೀಲಿಲ್ಲ," ಎಂದಳು. ಮಗನ ಮುಖ ಬಿಳಿಚಿಕೊಂಡಿತು.

ಇಂಥದ್ದನ್ನೆಲ್ಲ ನಂಬದ ಡಾಕ್ಟರ್ ಕೋ ಅವಳನ್ನು ಗದರಲಿಲ್ಲ. ಗಡಿಯಾರದ ಕೈಯನ್ನೂ ಚೀಲದ ಮೇಲಿಟ್ಟರು. "ಹೋಗ್ಬನ್ನಿ. ನೀವು ಬರೋ ತನಕ ನಾನು ಇದನ್ನ ಬಿಡಲ್ಲ."

ಸೇತುವೆಯ ಮೇಲೆ ಬಿಸಿಲು ಬೆಂಕಿಯಾಗಿತ್ತು. ಮಗ ಕೂಗಿದ, ಗಂಟಲು ಒಣಗುವವರೆಗೂ ಕೂಗಿದ. ಕಂಬಿ ಹಿಡಿದು ನಿಂತ ಅಜ್ಜ ಯಾರದೋ ಮಾತಿಗೆ ಕಿವಿಗೊಟ್ಟವನಂತೆ ತಲೆ ವಾಲಿಸಿದ. ಆಮೇಲೆ ವೆನ್‌ಶಿಯ ಕಡೆ ತಿರುಗಿದ.

"ನೀನು ಕರಿ ಮಗಳೇ. ಮುನಿಸ್ಕೊಂಡಿದಾಳೆ. 'ಒಬ್ಬ ಹುಡುಗಿ ನನ್ನ ಮುಖಾನೇ ನೋಡ್ತಾ ಕೂತಿದ್ಲು, ಬಾಯಿ ತೆರೆದವಳು ಮುಚ್ಕೊಂಡ್ಲು' ಅಂತಿದಾಳೆ."

ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಅಳು ಬಂತು, ನಾಚಿಕೆಯೂ ಆಯಿತು. "ಅಜ್ಜೀ, ನಂದೇ ತಪ್ಪು. ಬನ್ನಿ, ಸೇತುವೆ ದಾಟೋಣ. ಮನೆ ಹತ್ರಾನೇ ಇದೆ."

ಆಂಬುಲೆನ್ಸಿನ ಹಿಂಬದಿ ತಟ್ಟನೆ ಕೆಳಕ್ಕೆ ಜಗ್ಗಿತು. ಒಳಗೆ ಯಾರೂ ಹತ್ತಿರಲಿಲ್ಲ. ಅಜ್ಜ ಹತ್ತಿ, ಬೆಂಚಿನ ತುದಿಗೆ ಸರಿದು ಕೂತ. ವೆನ್‌ಶಿಯೂ ನಡುವೆ ಜಾಗ ಬಿಟ್ಟು ಕೂತು, ಪ್ರತಿ ತಿರುವನ್ನೂ ಕೂಗಿ ಹೇಳಿದಳು. ಮೂರನೆಯ ತಿರುವಿಗೆ ಅಜ್ಜ ನಕ್ಕ. "ಮೆಲ್ಲಗೆ ಹೇಳಮ್ಮ. ಅವಳಿಗೆ ಕಿವಿ ಚೆನ್ನಾಗೇ ಕೇಳುತ್ತೆ."

ನಡುಕೋಣೆಯಲ್ಲಿ ಡಾಕ್ಟರ್ ಕೋ ಮೊಣಕಾಲೂರಿ ಇನ್ನೂ ಒತ್ತುತ್ತಿದ್ದರು. ಅಂಗಿ ಬೆವರಿಗೆ ಬೆನ್ನಿಗಂಟಿತ್ತು. ಅವರು ಅಜ್ಜನನ್ನು ಕೇಳಲಿಲ್ಲ, ಮಗನನ್ನೂ ಕೇಳಲಿಲ್ಲ. ವೆನ್‌ಶಿಯ ಮುಖ ನೋಡಿದರು.

"ಬಂದ್ರಾ?"

"ಬಂದ್ರು, ಸರ್."

ಡಾಕ್ಟರ್ ಕೋ ಕೈ ಬಿಟ್ಟರು.