ಗಂಟಿನ ಕೆಳಗಿನ ಚಿಗುರು

"ನೀನು ಆಚೆ ಹೋಗು ಅಕ್ಷಿತಾ. ಮರ ಬೀಳುವಾಗ ಅಡ್ಡ ಕೂತ್ಕೊಳ್ಳುದು ಬೇಡ," ಎಂದರು ಉದಯಶಂಕರ ರೈ.

ಅಕ್ಷಿತಾ ಏಳಲಿಲ್ಲ. ಉದುರಿದ ಗೇರುಹಣ್ಣುಗಳಿಂದ ಬೀಜ ತಿರುಚಿ ಬುಟ್ಟಿಗೆ ಹಾಕುತ್ತಲೇ ಇದ್ದಳು. ಮರ ಕೊಯ್ಯುವ ಮಿಶನ್ ಹಿಡಿದ ಅಹ್ಮದ್ ಕುಂಞಿ, ಮಾವ ಸೊಸೆಯರಲ್ಲಿ ಯಾರ ಮಾತು ಕೇಳುವುದೆಂದು ತಿಳಿಯದೆ ನಿಂತಿದ್ದ.

ಮದುವೆಯಾಗಿ ಬಂದ ಮೊದಲ ಮಳೆಗಾಲದಲ್ಲಿ ಕಸಿ ಗಿಡಗಳನ್ನು ನೋಡಿಕೊಳ್ಳುವ ಕೆಲಸ ಅವಳಿಗೆ ಬಿದ್ದಿತ್ತು. ಈಗ ಕಡಿಯಲಿರುವ ಈ ಮರವೂ ಆಗ ಅಂಥದೊಂದು ಗಿಡ. ಅದರಲ್ಲಿ ಎರಡು ಚಿಗುರು. ಕಸಿಯ ಗಂಟಿನ ಮೇಲಿನದು ಸೊರಗಿತ್ತು, ಕೆಳಗಿನದು ಸೊಕ್ಕಿ ಬೆಳೆದಿತ್ತು. ಅವಳು ಸೊರಗಿದ್ದನ್ನು ಚಿವುಟಿದಳು. ಕೆಳಗಿನದು ಕಸಿಗೆ ಬುಡವಾಗಿದ್ದ ಯಾವುದೋ ಕಾಟು, ಕಾಡುಜಾತಿಯ ಬೀಜದ ಚಿಗುರು, ಚಿವುಟಬೇಕಾದದ್ದು ಅದನ್ನೇ ಎಂದು ಗೊತ್ತಾಗುವಷ್ಟರಲ್ಲಿ ಗಿಡ ಅವಳನ್ನು ಮೀರಿ ಬೆಳೆದಿತ್ತು. ಅಂದಿನಿಂದ ಮನೆಯಲ್ಲಿ ಅದು 'ಸೊಸೆಯ ಮರ'.

ಈಗ ಕಬಕದ ನರ್ಸರಿಯವರು ಈ ತೋಟದಿಂದ ಕಸಿಕಡ್ಡಿ ಕೊಳ್ಳುವವರಿದ್ದರು. ನಾಳೆ ನೋಡಲು ಬರುತ್ತಾರೆ. ಬೇರೆ ಜಾತಿಯ ಒಂದು ಮರವೂ ನಡುವೆ ಇರಕೂಡದಂತೆ.

"ಈ ಸಲ ಚಿಗುರು ಹೀರುವ ಟೀ ಸೊಳ್ಳೆ ಬಿದ್ದು ನಿಮ್ಮ ಕಸಿ ಮರಗಳ ಹೂವೆಲ್ಲ ಒಂದೇ ವಾರದಲ್ಲಿ ಕರಟಿತಲ್ಲ ಮಾವ," ಎಂದಳು. "ಎಲ್ಲ ಒಂದೇ ಮರದ ಕಡ್ಡಿ. ಒಂದಕ್ಕೆ ಬಂದದ್ದು ಎಲ್ಲದಕ್ಕೂ ಬಂತು. ಇದು ತಡವಾಗಿ ಹೂ ಬಿಟ್ಟಿತು, ಉಳಿಯಿತು."

"ಉಳಿದು ಎಂತ ಬಂತು ಮಾರಾಯ್ತಿ? ಬೀಜ ನೆಲಗಡಲೆಯಷ್ಟು ಉಂಟು."

ಅಹ್ಮದ್ ಕುಂಞಿ ನಕ್ಕ.

"ಅದನ್ನು ಎಂತಕ್ಕೆ ಹೆಕ್ಕುದು?" ಎಂದರು ರೈಗಳು.

"ಕೊಯಿಲದಲ್ಲಿ ಹಾಕ್ಲಿಕ್ಕೆ."

ಕೊಯಿಲದ ಗುಡ್ಡೆ ಅವಳ ತಾಯಿ ಅವಳ ಹೆಸರಿಗೆ ಬರೆದ ಜಾಗ. ಅಲ್ಲಿ ನೆಡಲೆಂದು ರೈಗಳು ಆಗಲೇ ಕಸಿ ಗಿಡ ತೆಗೆದಿಟ್ಟಿದ್ದರು.

"ನಿನಗೆ ಹುಚ್ಚಾ? ಈ ಬೀಜ ಹಾಕಿದ್ರೆ ಈ ಮರ ಬರುದಿಲ್ಲ. ಒಂದೊಂದು ಒಂದೊಂದು ಥರ ಬರ್ತದೆ."

"ಗೊತ್ತುಂಟು. ಇದೇ ಮರ ಬೇಕಾದ್ರೆ ಇದರ ಕಡ್ಡಿ ಕಸಿ ಕಟ್ಟಿದ್ರೆ ಸಾಕಿತ್ತು, ಬೀಜ ಯಾಕೆ?"

"ಹತ್ತರಲ್ಲಿ ಒಂಬತ್ತು ಹಾಳು."

"ಹಾಳಾಗ್ಲಿ. ಜಾಗ ನಂದು."

ಅಕ್ಷಿತಾ ಕೊನೆಯ ಬೀಜವನ್ನೂ ಹೆಕ್ಕಿ, ಬುಟ್ಟಿ ಸೊಂಟಕ್ಕಿಟ್ಟು ಎದ್ದಳು.

"ಈಗ ಕಡೀರಿ."

ಬೆನ್ನ ಹಿಂದೆ ಮಿಶನ್ ಕೂಗಿತು. ತಿರುಗಿ ನೋಡಲಿಲ್ಲ. ಬಚ್ಚಲ ಹಿಂದೆ ಇದೇ ಮರದ ಹೋದ ವರ್ಷದ ಬೀಜ ಹಾಕಿದ ಪ್ಲಾಸ್ಟಿಕ್ ತೊಟ್ಟೆಗಳಿದ್ದವು. ಕಸಿ ಕಟ್ಟಲಿಕ್ಕೆ ಬೆಳೆಸಿದ್ದೆಂದು ಮನೆಯವರು ತಿಳಿದಿದ್ದರು. ಅವಳು ನೀರು ಹಾಕತೊಡಗಿದಳು. ಒಂದರ ಎಲೆ ತಾಮ್ರದ ಬಣ್ಣ, ಒಂದರದು ಎಳೆ ಹಸಿರು. ಒಂದು ನೆಟ್ಟಗೆ ಎದ್ದಿತ್ತು. ಪಕ್ಕದ್ದು ಹುಟ್ಟುವಾಗಲೇ ವಾಲಿತ್ತು. ಅದನ್ನು ಸರಿಸಿಡಲು ಎತ್ತಿದಳು, ಬರಲಿಲ್ಲ. ಬೇರು ತೊಟ್ಟೆ ಹರಿದು ನೆಲಕ್ಕಿಳಿದಿತ್ತು.