ಲೋಹಗಡದ ಮಂಜಿನಲ್ಲಿ ಒಂದು ಹೆಸರು

ಮದುವೆಯಾಗಿ ಹನ್ನೊಂದು ವರ್ಷವಾದರೂ ಗೌರಾಬಾಯಿ ಗಂಡನ ಹೆಸರನ್ನು ಒಮ್ಮೆಯೂ ಬಾಯಿಬಿಟ್ಟು ಹೇಳಿರಲಿಲ್ಲ. ಹೇಳಿದರೆ ಗಂಡನ ಆಯುಷ್ಯ ಸವೆಯುತ್ತದೆ ಎಂದು ಬೆಳಗಾವಿಯ ಅಜ್ಜಿ ನಂಬಿಸಿದ್ದಳು. ಮದುವೆಯಲ್ಲಿ ಗಂಡನ ಹೆಸರು ಸೇರಿಸಿ ಒಡಪು ಹೇಳಿಸಲು ಬಂದವರಿಂದಲೂ ಹೇಗೋ ನುಣುಚಿಕೊಂಡಿದ್ದಳು. ಈ ಒಂದು ವಿಷಯ ಬಿಟ್ಟರೆ ಆಕೆ ಯಾರ ಮಾತಿಗೂ ಜಗ್ಗುವ ಹೆಂಗಸಲ್ಲ.

ಸಾವಿರದ ಒಂಬೈನೂರ ಮೂವತ್ತೇಳರ ಭಾದ್ರಪದದಲ್ಲಿ, ಪುಣೆಯ ರೈಲ್ವೆ ಕಚೇರಿಯಲ್ಲಿ ಅವಳ ಗಂಡನ ಜೊತೆಗಾರನಾಗಿದ್ದ ಅಪ್ಪಾಸಾಹೇಬ ಒಂದು ಹಳೇ ಮೋಟಾರು ಕೊಂಡ. ಅವನ ಹೆಂಡತಿ ಕೃಷ್ಣಾಬಾಯಿಯೂ ಸೇರಿ ನಾಲ್ವರೂ ಡೇರೆ, ಸ್ಟೋವು, ಎರಡು ಡಬ್ಬಿ ರೊಟ್ಟಿ ಹೇರಿಕೊಂಡು ಹೊರಟರು. ಮೊದಲ ದಿನ ಕಾರ್ಲೆಯ ಗವಿ, ಮರುದಿನ ಭಾಜೆ. ಡೇರೆ ಸೋರಿತು, ಹಾಸಿಗೆ ತೊಯ್ದವು. ಗಂಡಸರಿಬ್ಬರಿಗೂ ಉತ್ಸಾಹ ಇಳಿದು, ಲೋಣಾವಳಾಕ್ಕೆ ಹೋಗಿ ಚಿಕ್ಕಿ ಕೊಂಡು ಮನೆ ಸೇರೋಣ ಎಂದರು. ಲೋಹಗಡದ ಕೋಟೆ ಹತ್ತದೆ ತಾನು ಮೋಟಾರು ಏರುವವಳಲ್ಲ ಎಂದು ಗೌರಾಬಾಯಿ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಉಳಿದವರು ಅವಳ ಹಿಂದೆಯೇ ಹತ್ತಿದರು.

ಕೋಟೆಯ ನೆತ್ತಿಯ ಮೇಲೆ ನಾಲ್ವರೂ ತಮ್ಮ ತಮ್ಮ ಪಾಡಿಗೆ ಅಡ್ಡಾಡುತ್ತಿದ್ದಾಗ ಮಂಜು ಇಳಿಯಿತು. ಚಾಚಿದ ಕೈ ಕಾಣದಷ್ಟು ಮಂಜು. ಅಲ್ಲಿ ಬಂಡೆಯ ಅಂಚು ಕಚ್ಚಿ ತಿಂದ ರೊಟ್ಟಿಯ ಹಾಗೆ ಒಳಕ್ಕೆ ಬಾಗಿತ್ತು; ನಡುವೆ ಬರೀ ಕಂದರ. ಅದರಾಚೆಯ ದಡದಿಂದ ಕೃಷ್ಣಾಬಾಯಿ ತನ್ನ ಗಂಡನನ್ನು ಕೂಗಿದಳು: "ರೀ, ಇತ್ಲಾಗ ಬರ್ರಿ."

"ಬಂದೆ," ಎಂದಿತು ಈಚೆಯಿಂದ ಒಂದು ದನಿ. ಅದು ಅಪ್ಪಾಸಾಹೇಬನದಲ್ಲ, ತನ್ನ ಗಂಡನದು ಎಂದು ಗೌರಾಬಾಯಿ ಗುರುತಿಸಿದಳು. ತನ್ನನ್ನೇ ಹೆಂಡತಿ ಕರೆದಳೆಂದು ತಿಳಿದು ಆತ ನೇರ ಕಂದರದ ಕಡೆಗೆ ಹೆಜ್ಜೆ ಹಾಕುತ್ತಿದ್ದ.

"ರೀ, ನಿಂದರ್ರಿ," ಎಂದು ಕೂಗಿದಳು. ಗಾಳಿ ದನಿಗಳನ್ನೆಲ್ಲ ಕಲಸಿ ಒಂದೇ ಮಾಡಿತ್ತು. ಕೃಷ್ಣಾಬಾಯಿಯೂ ರೀ ಎನ್ನುತ್ತಾಳೆ, ತಾನೂ ರೀ ಎನ್ನುತ್ತಾಳೆ. ಯಾವ ರೀ ಯಾರದೆಂದು ಆತನಿಗೆ ತಿಳಿಯುವುದಾದರೂ ಹೇಗೆ? ಬಂದೆ, ಬಂದೆ ಎನ್ನುತ್ತ ಆತ ನಡೆದೇ ಇದ್ದ.

ಅಜ್ಜಿಯ ಮಾತು ನೆನಪಾಯಿತು. ಹೆದರಿಕೆಯೂ ಆಯಿತು, ಸುಳ್ಳೇಕೆ? ಆದರೆ ಗೌರಾಬಾಯಿ ಕಾಲೂರಿ ನಿಂತು, ಉಸಿರೆಳೆದು, ಎದೆ ಬಿರಿಯುವ ಹಾಗೆ ಕೂಗಿದಳು:

"ಮಲಕಪ್ಪಾ, ಅಲ್ಲೇ ನಿಂದ್ರು."

ಹೆಜ್ಜೆಯ ಸಪ್ಪಳ ನಿಂತಿತು. ಆತ ಮತ್ತೆ ಕದಲದಂತೆ ಅದೇ ಹೆಸರನ್ನು ಬಿಡದೆ ಕೂಗುತ್ತ, ನೆಲ ತಡವರಿಸುತ್ತ ಹೋಗಿ ಅವನ ರಟ್ಟೆ ಹಿಡಿದಳು. ಮಂಜು ತುಸು ಸರಿದಾಗ ನೋಡಿದರೆ ಅವನ ಪಾದದಿಂದ ಮೊಳ ದೂರದಲ್ಲಿ ನೆಲವೇ ಇರಲಿಲ್ಲ. ಮಲಕಪ್ಪ ಹಿಂದಕ್ಕೆ ಸರಿದ.

"ಅವ್ವ ಹೋದ ಮ್ಯಾಲೆ ಯಾರೂ ನನ್ನ ಹಂಗ ಕರದಿದ್ದಿಲ್ಲ," ಎಂದ. "ಅದಕ್ಕ ಕಾಲ ನಿಂತವು."

ಕೃಷ್ಣಾಬಾಯಿ ಗಂಡನೊಂದಿಗೆ ಅಂಚು ಬಳಸಿ ಬಂದವಳು, ನಡೆದದ್ದೇನೆಂದು ಕೇಳುವ ಮೊದಲೇ ಗದರಿದಳು. ಗಂಡನ ಹೆಸರು ಹಿಡಿದು, ಅದೂ ಏಕವಚನದಲ್ಲಿ ಕೂಗುವುದೇ? ಆಯುಷ್ಯ ಕಡಿಮೆಯಾದರೆ ಏನು ಗತಿ?

ಗೌರಾಬಾಯಿ ಗಂಡನ ರಟ್ಟೆ ಇನ್ನೂ ಬಿಟ್ಟಿರಲಿಲ್ಲ.

"ಆದರ ಆಗಲಿ," ಎಂದಳು. "ಕಡಿಮಿ ಆಗಾಕಾದ್ರೂ ಮೊದಲ ಉಳೀಬೇಕಲ್ಲ?"